ಹೆದೆಗೆ ಹುರಿ ಯಾವ ಕಡೆ? ಎರಡು ಕಟ್ಟಿನ ಫ್ಲೆಮಿಶ್ ಹೆದೆಯ ಟಿಪ್ಪಣಿ

ಲಾಂಗ್‌ಬೋ (ನೀಳ ಸರಳ ಬಿಲ್ಲು), ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಬಿಲ್ಲುಗಳಿಗೆ ಡಾಕ್ರಾನ್ (ಪಾಲಿಯೆಸ್ಟರ್) ದಾರದಲ್ಲಿ ಫ್ಲೆಮಿಶ್ ಹೆದೆ, ಅಂದರೆ ಕುಣಿಕೆಗಳನ್ನೂ ಅದೇ ದಾರದಲ್ಲಿ ಹೊಸೆದು ಮಾಡುವ ಹೆದೆ, ಹೊಸೆಯಲು ಕಲಿಯುತ್ತಿರುವವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಲೆಕ್ಕಕ್ಕೆ ಒಂದೇ ಬಿಲ್ಲು ಇಟ್ಟುಕೊಳ್ಳೋಣ: ಎಎಂಒ ಉದ್ದ (ಬಿಲ್ಲು ತಯಾರಕರ ಸಂಘದ ಮಾನದಂಡದಂತೆ ಬಿಲ್ಲಿನ ಮೇಲೆ ಬರೆದಿರುವ ಉದ್ದ) 66 ಇಂಚು, ಎಳೆತ 40 ಪೌಂಡ್, ಲಾಂಗ್‌ಬೋ.

ದಾರ ಮತ್ತು ಅಳತೆ

ಬಿ-50 ಡಾಕ್ರಾನಿನ ಒಂದು ಎಳೆ ಸುಮಾರು 50 ಪೌಂಡಿಗೆ ಹರಿಯುತ್ತದೆ. ಬಿಲ್ಲಿನ ಎಳೆತದ ನಾಲ್ಕು ಪಟ್ಟಾದರೂ ಹೆದೆಗೆ ಬಲವಿರಬೇಕು ಎಂಬುದು ಕನಿಷ್ಠ ಲೆಕ್ಕ. ಅದರ ಪ್ರಕಾರ 40 ಪೌಂಡಿಗೆ ನಾಲ್ಕೇ ಎಳೆ ಸಾಕು. ಆದರೆ ಅಷ್ಟು ಸಣ್ಣ ಹೆದೆ ಬಾಣದ ನಾಕ್‌ನಲ್ಲಿ (ಹೆದೆ ಕೂರುವ ಹಿಂತುದಿಯ ಕಚ್ಚಿನಲ್ಲಿ) ನಿಲ್ಲುವುದಿಲ್ಲ, ಬೆರಳನ್ನೂ ಕೊಯ್ಯುತ್ತದೆ, ಒಂದು ಎಳೆ ಸವೆದರೂ ಅಪಾಯ. ಹಾಗಾಗಿ 12 ಎಳೆ: ಆರಾರು ಎಳೆಯ ಎರಡು ಕಟ್ಟು. 45ರಿಂದ 55 ಪೌಂಡಿಗೆ 14, ಅದಕ್ಕೂ ಮೇಲೆ 16. ಕಟ್ಟುಗಳ ಬಣ್ಣ ಬೇರೆ ಬೇರೆ ಇರಲಿ. ಇದು ಅಂದಕ್ಕಲ್ಲ, ಮುಂದೆ ಕುಣಿಕೆ ಮಡಚುವಾಗ ಯಾವ ಬಾಲ (ಕುಣಿಕೆಯಾಚೆ ಉಳಿಯುವ ತುದಿ) ಯಾವ ಕಟ್ಟಿನದು ಎಂಬ ಗೊಂದಲವೇ ಬರುವುದಿಲ್ಲ.

ಫಾಸ್ಟ್‌ಫ್ಲೈಟ್‌ನಂಥ ಹಿಗ್ಗದ ದಾರವನ್ನು ಹಳೆಯ ಬಿಲ್ಲಿಗೂ ತುದಿ ಬಲಪಡಿಸದ ಬಿಲ್ಲಿಗೂ ಹಾಕಬೇಡಿ. ಡಾಕ್ರಾನ್ ಸ್ವಲ್ಪ ಹಿಗ್ಗಿ ಹೊಡೆತವನ್ನು ತಾನೇ ತಿನ್ನುತ್ತದೆ. ಹಿಗ್ಗದ ದಾರ ಆ ಹೊಡೆತವನ್ನು ನೇರವಾಗಿ ಬಿಲ್ಲಿನ ತುದಿಗೆ ದಾಟಿಸುತ್ತದೆ, ತುದಿ ಸೀಳುತ್ತದೆ.

ಸಿದ್ಧ ಹೆದೆಯ ಉದ್ದ ಲಾಂಗ್‌ಬೋಗೆ ಎಎಂಒ ಉದ್ದಕ್ಕಿಂತ 3 ಇಂಚು ಕಡಿಮೆ, ರಿಕರ್ವ್‌ಗೆ 4 ಇಂಚು ಕಡಿಮೆ. ನಮ್ಮ ಬಿಲ್ಲಿಗೆ 63 ಇಂಚು. ಇಂಡಿಯನ್ ರೌಂಡ್‌ನ (ನಮ್ಮ ದೇಶದ ಬಿದಿರು ಬಿಲ್ಲಿನ ಸ್ಪರ್ಧಾ ವಿಭಾಗ) ಬಿದಿರು ಬಿಲ್ಲಿನ ಮೇಲೆ ಎಎಂಒ ಅಂಕಿ ಬರೆದಿಲ್ಲದಿದ್ದರೆ ಹಳೆಯ ಹೆದೆಯನ್ನೇ ಬಿಗಿಯಾಗಿ ಎಳೆದು, ಕುಣಿಕೆಯ ತುದಿಯಿಂದ ಕುಣಿಕೆಯ ತುದಿಗೆ ಅಳೆಯಿರಿ.

ಎಳೆ ಕತ್ತರಿಸುವ ಉದ್ದ: ಎಎಂಒ ಉದ್ದಕ್ಕೆ 16 ಇಂಚು ಕೂಡಿಸಿ, ಅಂದರೆ 82 ಇಂಚು. ನನಗೆ ಬಹಳ ಮೆಚ್ಚಿಗೆಯಾದ ಸುಲಭ ದಾರಿ ಇಲ್ಲಿದೆ. ಬಾಲ ಕ್ರಮೇಣ ತೆಳುವಾಗಬೇಕು, ಇಲ್ಲದಿದ್ದರೆ ಹೊಸೆದ ಭಾಗ ಮುಗಿಯುವಲ್ಲಿ ಹೆದೆ ಥಟ್ಟನೆ ಸಣ್ಣಗಾಗಿ ಅಲ್ಲೇ ಸವೆಯುತ್ತದೆ. ಅದಕ್ಕೆ ಮೊಳೆ ಹೊಡೆದ ಹಲಗೆ ಬೇಕೇ ಬೇಕು ಎನ್ನುತ್ತಾರೆ, ಬೇಕಿಲ್ಲ. ಎಲ್ಲ ಎಳೆಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಮೇಜಿನ ಮೇಲೆ ಒಂದರ ಪಕ್ಕ ಒಂದು ಹಾಸಿ, ಪ್ರತಿ ಎಳೆಯನ್ನೂ ಹಿಂದಿನದಕ್ಕಿಂತ ಅರ್ಧ ಇಂಚು ಮುಂದೆ ಸರಿಸಿ. ಒಂದು ತುದಿಯಲ್ಲಿ ಮುಂದಿರುವ ಎಳೆ ಇನ್ನೊಂದು ತುದಿಯಲ್ಲಿ ಹಿಂದಿರುತ್ತದೆ, ಎರಡೂ ಬಾಲಗಳು ತಾವಾಗಿಯೇ ಮೆಟ್ಟಿಲಾಗುತ್ತವೆ.

ತುದಿಯ 12 ಇಂಚಿಗೆ ಜೇನುಮೇಣ ಹಚ್ಚಿ, ಬೆರಳಲ್ಲಿ ತಿಕ್ಕಿ ಬಿಸಿ ಮಾಡಿ. ಕಟ್ಟು ಒಂದೇ ದಾರದಂತೆ ಅಂಟಿ ನಿಲ್ಲಬೇಕು.

ಮೊದಲ ಕುಣಿಕೆ

ಅತಿ ಉದ್ದದ ಎಳೆಯ ತುದಿಯಿಂದ 8 ಇಂಚಿಗೆ ಎರಡೂ ಕಟ್ಟನ್ನು ಜೋಡಿಸಿ ಎಡಗೈಯಲ್ಲಿ ಚಿವುಟಿ ಹಿಡಿಯಿರಿ. ಉದ್ದದ ಭಾಗ ಬಲಕ್ಕಿರಲಿ. ಆಚೆಗಿನ ಕಟ್ಟನ್ನು ಬಲಗೈ ಬೆರಳಲ್ಲಿ ನಿಮ್ಮಿಂದ ಆಚೆಗೆ ಹೊಸೆಯಿರಿ, ಬಿಗಿಯಾದ ಮೇಲೆ ಇನ್ನೊಂದರ ಮೇಲಿಂದ ನಿಮ್ಮ ಕಡೆಗೆ ತನ್ನಿ. ಈಗ ಆಚೆಗೆ ಬಂದ ಕಟ್ಟಿಗೂ ಅದೇ. ಆಚೆಗೆ ಹೊಸೆ, ಈಚೆಗೆ ದಾಟಿಸು. ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ: ಎಳೆಯ ಹುರಿ ಒಂದು ಕಡೆ, ಹಗ್ಗದ ಹುರಿ ಎದುರು ಕಡೆ, ಒಂದು ಬಿಚ್ಚಲು ಹೋದರೆ ಇನ್ನೊಂದು ತಡೆಯುತ್ತದೆ.

ಮೇಲಿನ ಕುಣಿಕೆಗೆ ಹೀಗೆ 3 ಇಂಚು ಹೊಸೆಯಿರಿ, ಕೆಳಗಿನದಕ್ಕೆ ಎರಡೂವರೆ. ಬಿಲ್ಲು ಇಳಿಸಿದಾಗ ಮೇಲಿನದು ಬಿಲ್ಲಿನ ತೋಳಿನ (ಹಿಡಿಯಿಂದ ತುದಿವರೆಗಿನ ಬಾಗುವ ಭಾಗದ) ಮೇಲೆ ಜಾರಿ ಕೂರಬೇಕು, ಅದಕ್ಕೇ ದೊಡ್ಡದು. ಆಮೇಲೆ ಮಡಚಿ, ಬಾಲವನ್ನು ಅದೇ ಬಣ್ಣದ ಕಟ್ಟಿಗೆ ಸೇರಿಸಿ, ಅದೇ ಚಲನೆಯಲ್ಲಿ ಬಾಲ ಪೂರ್ತಿ ಮಾಯವಾಗುವವರೆಗೆ ಮುಂದುವರಿಸಿ. ಕುಣಿಕೆಯ ಬುಡದ ಮೊದಲ ಎರಡು ಸುತ್ತು ಸಡಿಲವಾದರೆ ಕುಣಿಕೆ ಬಾಯಿ ಬಿಡುತ್ತದೆ. ಅಲ್ಲಿ ಮಾತ್ರ ಆತುರ ಬೇಡ.

ತಲೆ ತಿರುಗಿಸುವ ಹೆಜ್ಜೆ: ಎರಡನೆಯ ತುದಿ ಮತ್ತು ನಡುವಿನ ಹುರಿ

ಇಲ್ಲಿ ಎರಡು ಗೊಂದಲ ಒಟ್ಟಿಗೆ ಬರುತ್ತವೆ.

ಮೊದಲನೆಯದು: ಎರಡನೆಯ ತುದಿಯನ್ನು ತಿರುಗಿಸಿ ಹಿಡಿದಿರುವುದರಿಂದ ಹೊಸೆಯುವ ದಿಕ್ಕನ್ನೂ ತಿರುಗಿಸಬೇಕೇ? ಬೇಡ. ಬಲಕ್ಕೆ ಏರುವ ಹುರಿಯನ್ನು ತಲೆಕೆಳಗು ಮಾಡಿ ನೋಡಿದರೂ ಅದು ಬಲಕ್ಕೇ ಏರುತ್ತದೆ. ಯಾವುದಾದರೂ ಬೋಲ್ಟ್ ಹಿಡಿದು ಪರೀಕ್ಷಿಸಿ. ಎರಡೂ ತುದಿಯಲ್ಲಿ ಕೈಚಲನೆ ಒಂದೇ. ಮುಗಿದ ಮೇಲೆ ಹೆದೆಯನ್ನು ನೆಟ್ಟಗೆ ಹಿಡಿದು ಎರಡೂ ಕಡೆ ನೋಡಿ: ಗೆರೆಗಳು ಎಡ ಕೆಳಗಿನಿಂದ ಬಲ ಮೇಲಕ್ಕೆ ಏರಿರಬೇಕು. ಒಂದು ತುದಿಯಲ್ಲಿ ಬೇರೆಯಾಗಿದ್ದರೆ ಬಿಚ್ಚಿ ಮತ್ತೆ ಹೊಸೆಯಿರಿ, ಬೇರೆ ದಾರಿಯಿಲ್ಲ. ನಡುವೆ ಹುರಿ ಕೊಟ್ಟಾಗ ಒಂದು ತುದಿ ಬಿಗಿಯುತ್ತದೆ, ಇನ್ನೊಂದು ಬಿಚ್ಚಿಕೊಳ್ಳುತ್ತದೆ.

ಎರಡನೆಯದು ಕಣ್ಣಿಗೆ ಕಾಣದೆ ಕೆಡಿಸುವಂಥದು. ಒಂದು ತುದಿಯಲ್ಲಿ ಕಟ್ಟುಗಳನ್ನು ಒಂದರ ಮೇಲೊಂದು ದಾಟಿಸಿದಷ್ಟೂ, ಉಳಿದ ಉದ್ದದಲ್ಲಿ ಅವು ಎದುರು ದಿಕ್ಕಿನಲ್ಲಿ ಸುತ್ತಿಕೊಳ್ಳುತ್ತವೆ. ಮೊದಲ ಕುಣಿಕೆಯ ನಂತರ ಇದನ್ನು ಬಿಡಿಸುವುದು ಸುಲಭ: ಕುಣಿಕೆಯನ್ನು ಮೊಳೆಗೆ ಹಾಕಿ, ಎರಡು ಕಟ್ಟುಗಳ ನಡುವೆ ಬೆರಳಿಟ್ಟು ಕೊನೆಯವರೆಗೆ ಬಾಚಿ. ಆ ತುದಿ ಇನ್ನೂ ಬಿಡಿಯಾಗಿದೆ, ಸುತ್ತು ಹೊರಗೆ ಹೋಗುತ್ತದೆ. ಬಾಚುವಾಗಲೇ ಎಲ್ಲ ಎಳೆಗಳೂ ಸಮ ಬಿಗಿಯಲ್ಲಿವೆಯೇ ನೋಡಿ. ಒಂದು ಎಳೆ ಜೋತರೆ ಅದರ ಭಾರವನ್ನು ಉಳಿದವು ಹೊರುತ್ತವೆ.

ಈಗ ಮೊದಲ ಕುಣಿಕೆಯ ತುದಿಯಿಂದ 64 ಇಂಚಿಗೆ ಗುರುತು ಹಾಕಿ. 63ರ ಮೇಲಿನ ಆ ಒಂದು ಇಂಚು ಹುರಿಯಲ್ಲಿ ಕುಗ್ಗುತ್ತದೆ. ಗುರುತು ಕುಣಿಕೆಯ ನೆತ್ತಿಗೆ ಬರಬೇಕು, ಆದ್ದರಿಂದ ಅದರಿಂದ ಒಂದೂಕಾಲು ಇಂಚು ಬಾಲದ ಕಡೆಗೆ ಸರಿದು ಹೊಸೆಯಲು ತೊಡಗಿ.

ಎರಡನೆಯ ಕುಣಿಕೆ ಮುಗಿದಾಗ ಎದುರು ಸುತ್ತು ಮತ್ತೆ ನಡುವೆ ತುಂಬಿರುತ್ತದೆ, ಈ ಸಲ ಎರಡೂ ತುದಿ ಮುಚ್ಚಿವೆ. ಒಂದು ಕುಣಿಕೆ ಮೊಳೆಯಲ್ಲಿರಲಿ. ಇನ್ನೊಂದನ್ನು ನಿಮ್ಮ ಮುಖದ ಕಡೆ ಹಿಡಿದು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಮೊದಲ ಹಲವು ತಿರುವುಗಳಲ್ಲಿ ಹೆದೆ ಬಿಚ್ಚಿಕೊಳ್ಳುತ್ತಿರುವಂತೆ ಕಾಣುತ್ತದೆ. ಅನೇಕರು ಇಲ್ಲೇ ಗಾಬರಿಯಾಗಿ ದಿಕ್ಕು ಬದಲಿಸುತ್ತಾರೆ. ಬದಲಿಸಬೇಡಿ, ಎದುರು ಸುತ್ತು ಕಳೆಯುತ್ತಿದೆ ಅಷ್ಟೇ. ಎರಡು ಬಣ್ಣಗಳೂ ಪಕ್ಕಪಕ್ಕ ನೇರವಾಗಿ ನಿಂತ ಕ್ಷಣ ಸೊನ್ನೆ. ಎಣಿಕೆ ಅಲ್ಲಿಂದ ಶುರು: ಅದೇ ದಿಕ್ಕಿನಲ್ಲಿ 20ರಿಂದ 30 ತಿರುವು. ಯಾವ ಕುಣಿಕೆ ಹಿಡಿದರೂ ನಿಯಮ ಒಂದೇ. ಎಡಗೈಯಲ್ಲಿ ಹೊಸೆದು ಎಲ್ಲವನ್ನೂ ಕನ್ನಡಿಯಂತೆ ಮಾಡಿದವರಿಗೆ ಮಾತ್ರ ಮುಳ್ಳಿನ ದಿಕ್ಕು. ಅನುಮಾನವಿದ್ದರೆ ಬಾಲ ಮುಗಿಯುವ ಜಾಗವನ್ನು ನೋಡಿ: ಸರಿ ದಿಕ್ಕಿನಲ್ಲಿ ಅದು ಬಿಗಿದು ದುಂಡಾಗುತ್ತದೆ, ತಪ್ಪು ದಿಕ್ಕಿನಲ್ಲಿ ಎಳೆಗಳು ಬಾಯಿ ಬಿಡುತ್ತವೆ. ಬಾಯಿ ಬಿಟ್ಟ ಹೆದೆಯನ್ನು ಬಿಲ್ಲಿಗೇರಿಸಬೇಡಿ. ಎಳೆದಾಗ ಕುಣಿಕೆ ಜಾರಿದರೆ ಬಾಣವಿಲ್ಲದೆ ಹೆದೆ ಬಿಟ್ಟಂತೆಯೇ, ಬಿಲ್ಲಿನ ತೋಳು ಮುರಿಯಬಹುದು.

ಏರಿಸಿದ ಮೇಲೆ

ಹೆದೆಯೇರಿಸಿ, ಹಿಡಿಯ ಅತಿ ಆಳದ ಜಾಗದಿಂದ ಹೆದೆಗೆ ಅಳೆಯಿರಿ. ಇದೇ ಹೆದೆಯ ಎತ್ತರ. ಲಾಂಗ್‌ಬೋಗೆ ಸಾಮಾನ್ಯವಾಗಿ ಆರೂವರೆಯಿಂದ ಏಳೂವರೆ ಇಂಚು. ಬಿಲ್ಲು ಮಾಡಿದವರು ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಕಡಿಮೆಯಿದ್ದರೆ ತಿರುವು ಸೇರಿಸಿ, ಹೆಚ್ಚಿದ್ದರೆ ತೆಗೆಯಿರಿ. ಸೊನ್ನೆಯ ಹತ್ತಿರ ಬಂದರೂ ಎತ್ತರ ಹೆಚ್ಚೇ ಇದ್ದರೆ ಹೆದೆ ಗಿಡ್ಡ, 50 ದಾಟಿದರೂ ಸಾಲದಿದ್ದರೆ ಉದ್ದ. ಅತಿ ಹುರಿಯ ಹೆದೆ ಸ್ಪ್ರಿಂಗಿನಂತೆ ಹಿಗ್ಗುತ್ತದೆ. ಹೊಸ ಡಾಕ್ರಾನ್ ಒಂದು ರಾತ್ರಿಯಲ್ಲಿ ಹಿಗ್ಗಿ ಎತ್ತರ ಇಳಿಯುವುದು ಸಹಜ, ಮರುದಿನ ಮತ್ತೆ ಸರಿಪಡಿಸಿ.

ಸರ್ವಿಂಗ್ ದಾರ (ಹೆದೆ ಸವೆಯದಂತೆ ಅದರ ಮೇಲೆ ಸುತ್ತುವ ದಾರ) ಸುತ್ತುವುದು ಹೀಗೆ ಹಿಗ್ಗಿದ ಮೇಲೆಯೇ, ಬಿಲ್ಲು ಏರಿಸಿದ ಸ್ಥಿತಿಯಲ್ಲಿ. ಬಾಣ ಕೂರುವ ಜಾಗಕ್ಕಿಂತ ಎರಡೂವರೆ ಇಂಚು ಮೇಲಿನಿಂದ ನಾಲ್ಕು ಇಂಚು ಕೆಳಗಿನವರೆಗೆ ನೈಲಾನ್ ದಾರ. ಕೊನೆಯ ಹತ್ತು ಸುತ್ತನ್ನು ಹಿಮ್ಮುಖವಾಗಿ ಸುತ್ತಿ ತುದಿಯನ್ನು ಅವುಗಳ ಅಡಿಯಿಂದ ಎಳೆದು ಬಿಗಿಯಿರಿ. ನಾಕ್ ಟಕ್ಕೆಂದು ಕೂರಬೇಕು, ಬಾಣ ಕೆಳಮುಖವಾಗಿ ತೂಗಿರುವಾಗ ಹೆದೆಗೆ ಬೆರಳಲ್ಲಿ ತಟ್ಟಿದರೆ ಕಳಚಿ ಬೀಳಬೇಕು. ಬೀಳದಿದ್ದರೆ ತೆಳು ಸರ್ವಿಂಗ್ ದಾರ, ತಾನಾಗಿ ಜಾರಿದರೆ ದಪ್ಪದ್ದು. ನಾಕ್ ಗುರುತನ್ನು (ಬಾಣ ಕೂರಿಸುವ ಗುರುತು) ಬಾಣದ ಆಸರೆಯಿಂದ ಹೆದೆಗೆ ಎಳೆದ ಲಂಬ ರೇಖೆಗಿಂತ ಅರ್ಧ ಇಂಚು ಮೇಲೆ ಕಟ್ಟಿ ಶುರು ಮಾಡಿ, ಬಾಣದ ನಡೆ ನೋಡಿ ಸರಿಸಿ.