ಬಾಗಿಲ ಹತ್ತಿರ ಹೇಳುವ ಕಥೆ

"ಅಂದ ಹಾಗೆ ಡಾಕ್ಟ್ರೇ, ಇವಳದ್ದು ಇನ್ನೊಂದು ತಮಾಷೆ ಇದೆ..."

ಪರೀಕ್ಷೆ ಎಲ್ಲ ಮುಗಿದಿರುತ್ತದೆ. ಬೆಕ್ಕು ಬುಟ್ಟಿಯೊಳಗೆ ಸೇರಿಯಾಗಿರುತ್ತದೆ. ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡು ಜನ ಹೀಗೆ ಶುರು ಮಾಡುತ್ತಾರೆ. ನಾನು ಮುಚ್ಚಿಟ್ಟ ಪೆನ್ನನ್ನು ಮತ್ತೆ ತೆರೆಯುತ್ತೇನೆ. ಪಶುವೈದ್ಯನಾಗಿ ಇಷ್ಟು ವರ್ಷದಲ್ಲಿ ಕಲಿತದ್ದು ಇದೊಂದು: ಕಾಯಿಲೆಯ ಸುಳಿವು ದೂರಿನಲ್ಲಿ ಇರುವುದಕ್ಕಿಂತ ಜಾಸ್ತಿ, ಮುದ್ದಿನಿಂದ ಹೇಳುವ ಕಥೆಯಲ್ಲೇ ಇರುತ್ತದೆ.

ಒಮ್ಮೆ 13 ವರ್ಷದ ಬೆಕ್ಕೊಂದು ಲಸಿಕೆಗೆ ಬಂದಿತ್ತು. ಹೊರಡುವಾಗ ಅದರ ಯಜಮಾನಿ ನಗುತ್ತಾ ಹೇಳಿದರು. "ಇವಳು ಈಗ ತುಂಬಾ ಗಂಭೀರ ಆಗಿಬಿಟ್ಟಿದ್ದಾಳೆ ಡಾಕ್ಟ್ರೇ. ಮೊದಲು ನೆಲದಿಂದ ಒಂದೇ ನೆಗೆತಕ್ಕೆ ಫ್ರಿಜ್ ಮೇಲೆ. ಈಗ ಕುರ್ಚಿ ಹತ್ತಿ, ಅಲ್ಲಿ ಸ್ವಲ್ಪ ಯೋಚನೆ ಮಾಡಿ, ಆಮೇಲೆ ಮೇಜು. ಫ್ರಿಜ್ ಸುದ್ದಿಗೇ ಹೋಗಲ್ಲ." ನಾನು ಬೆಕ್ಕನ್ನು ಮತ್ತೆ ಹೊರಗೆ ತೆಗೆಸಿದೆ. ಸೊಂಟದ ಹತ್ತಿರ ಕೂದಲು ಗಂಟು ಕಟ್ಟಿತ್ತು, ಅಲ್ಲಿಗೆ ತಿರುಗಿ ನೆಕ್ಕಿಕೊಳ್ಳುವುದನ್ನೇ ಅದು ಬಿಟ್ಟಿತ್ತು. ಹಿಂಗಾಲನ್ನು ಮೆಲ್ಲಗೆ ಹಿಂದಕ್ಕೆ ಚಾಚಿಸಿದಾಗ ಕೂಗಲಿಲ್ಲ, ಕಚ್ಚಲಿಲ್ಲ. ಕಾಲು ಎಳೆದುಕೊಂಡಿತು, ಅಷ್ಟೇ. ಕೀಲುನೋವು. ಬೆಕ್ಕು ಕುಂಟಿ ತೋರಿಸುವುದು ಅಪರೂಪ. ನೋವಾಗುವ ಕೆಲಸವನ್ನೇ ಅದು ಸುಮ್ನೆ ಬಿಟ್ಟುಬಿಡುತ್ತದೆ, ಮನೆಯವರು ವಯಸ್ಸಾಯಿತಲ್ಲ ಅಂದುಕೊಳ್ಳುತ್ತಾರೆ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ ಅಧ್ಯಯನವೊಂದು 2002ರಲ್ಲಿ ಬಂತು, ಅದರಲ್ಲಿ 90 ಬೆಕ್ಕುಗಳಿಗೆ ಕೀಲು ಸವೆದ ಗುರುತಿತ್ತು. ಗುರುತಿದ್ದ ಮಾತ್ರಕ್ಕೆ ನೋವಿದೆ ಅಂತಲ್ಲ, ಆದರೆ ನೆಗೆಯುವುದನ್ನು ಬಿಟ್ಟ ಬೆಕ್ಕಿಗೆ ಇರುವ ಸಾಧ್ಯತೆ ಜಾಸ್ತಿ. ಇದಕ್ಕೆ ಔಷಧಿ ಇದೆ. ಹಾಗಂತ ನಿಮ್ಮ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ದಯವಿಟ್ಟು. ಬೆಕ್ಕಿಗೆ ಒಂದೇ ಮಾತ್ರೆ ಸಾಕು, ಪ್ರಾಣ ಹೋಗಬಹುದು.

ನೀರಿನ ಕಥೆ ಇನ್ನೊಂದು. "ನಮ್ಮ ನಾಯಿ ಬೋಗುಣಿ ಖಾಲಿ ಮಾಡಿ ಬಾತ್‌ರೂಮಿನ ಬಕೆಟ್ಟಿಗೂ ಬಾಯಿ ಹಾಕುತ್ತೆ" ಅಂತ ನಗಾಡುತ್ತಾರೆ. ಒಂದು ದಿನ ಅಳೆದು ನೀರು ಇಡಿ. ನಾಯಿ ಕಿಲೋ ತೂಕಕ್ಕೆ 100 ಮಿಲಿಗಿಂತ ಹೆಚ್ಚು, ಅಂದರೆ 10 ಕಿಲೋ ನಾಯಿ ದಿನಕ್ಕೆ ಒಂದು ಲೀಟರ್ ದಾಟಿ ಕುಡಿಯುತ್ತಿದ್ದರೆ ಅದು ಬಾಯಾರಿಕೆಯಲ್ಲ, ಸಕ್ಕರೆ ಕಾಯಿಲೆಯೋ ಕಿಡ್ನಿಯ ತೊಂದರೆಯೋ ಇರಬಹುದು. ಆಪರೇಷನ್ ಮಾಡಿಸದ ಹೆಣ್ಣುನಾಯಿ ಬೆದೆ ಮುಗಿದು ಕೆಲವು ವಾರಕ್ಕೆ ಹೀಗೆ ಕುಡಿಯತೊಡಗಿ ಊಟ ಬಿಟ್ಟರೆ, ಗರ್ಭಕೋಶದಲ್ಲಿ ಕೀವು ತುಂಬಿದೆಯೇನೋ ಎಂಬ ಅನುಮಾನವೇ ನನಗೆ ಮೊದಲು ಬರುವುದು. ಆವತ್ತೇ ಕರೆತನ್ನಿ.

ಗಂಡುಬೆಕ್ಕು ಮತ್ತೆ ಮತ್ತೆ ಹೋಗಿ ಮಲಮೂತ್ರಕ್ಕೆಂದು ಇಟ್ಟ ಮಣ್ಣಿನ ತಟ್ಟೆಯಲ್ಲಿ ಕೂರುತ್ತದೆ, ತಿಣುಕುತ್ತದೆ, ಏನೂ ಬರುವುದಿಲ್ಲ. ಮಲಬದ್ಧತೆ ಅಂದುಕೊಂಡು ಬೆಳಿಗ್ಗೆವರೆಗೆ ಕಾಯಬೇಡಿ. ಮೂತ್ರ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಸಾಯಬಹುದು.

ಇನ್ನು "ತಪ್ಪು ಮಾಡಿದ್ದು ಅವನಿಗೇ ಗೊತ್ತು, ಮುಖ ನೋಡಿ" ಎನ್ನುವ ಕಥೆ. ಇದು ಎಲ್ಲರ ಹತ್ತಿರವೂ ಇದೆ, ಫೋನಿನಲ್ಲಿ ಫೋಟೋ ಕೂಡ ಇರುತ್ತದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ತಿನ್ನಬೇಡ ಅಂತ ಹೇಳಿ ಯಜಮಾನರು ಹೊರಗೆ ಹೋಗಬೇಕು. ಬಂದ ಮೇಲೆ ಕೆಲವರಿಗೆ ನಾಯಿ ತಿಂದಿದೆ ಅಂತ ಸುಳ್ಳು ಹೇಳಲಾಯಿತು. ಬೈಸಿಕೊಂಡ ನಾಯಿ ಆ ಮುಖ ಮಾಡಿತು, ತಿಂದಿದ್ದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ. ತಿನ್ನದೇ ಬೈಸಿಕೊಂಡ ನಾಯಿಗಳಲ್ಲೇ ಅದು ಇನ್ನೂ ಎದ್ದು ಕಂಡಿತಂತೆ! ನನಗೆ ಇದು ಯಾಕೆ ಮುಖ್ಯ ಅಂದರೆ, ವಯಸ್ಸಾದ ನಾಯಿ ಮನೆಯೊಳಗೆ ಉಚ್ಚೆ ಹೊಯ್ದರೆ ಹಠಕ್ಕೆ ಮಾಡುತ್ತಿದೆ, ಬೇಕಂತಲೇ ಮಾಡುತ್ತಿದೆ ಅಂತ ಬೈದುಕೊಂಡು ತಿಂಗಳುಗಟ್ಟಲೆ ಕಾಲ ಕಳೆಯುತ್ತಾರೆ. ಅದಕ್ಕೆ ತಡೆದುಕೊಳ್ಳಲು ಆಗುತ್ತಿಲ್ಲ, ಪಾಪ.

ಆದ್ದರಿಂದ ನನ್ನ ಹತ್ತಿರ ಬಂದಾಗ ಕಥೆ ಹೇಳಿ, ಸಂಕೋಚ ಬೇಡ. ರೋಗದ ಹೆಸರು ನೀವು ಹುಡುಕಿಕೊಂಡು ಬರಬೇಕಾಗಿಲ್ಲ. ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ನಾಯಿ ಕತ್ತು ಚಾಚಿ ಗೊರಗೊರ ಅಂತ ಉಸಿರನ್ನು ಒಳಕ್ಕೆ ಎಳೆಯುವುದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗಲ್ಲ (ಮಾಡಿ ತೋರಿಸಿದವರೂ ಇದ್ದಾರೆ, ಚೆನ್ನಾಗಿಯೇ ಮಾಡಿದರು), ಹತ್ತು ಸೆಕೆಂಡಿನ ವಿಡಿಯೋ ನೋಡಿದರೆ ಅದು ಬರೀ ಉಲ್ಟಾ ಸೀನು ಅಂತ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ಮತ್ತೆ, ಗಾಢ ನಿದ್ದೆಯಲ್ಲಿರುವಾಗ ಉಸಿರು ಎಣಿಸಿ ನೋಡಿ. ನಾಯಿಯಾಗಲಿ ಬೆಕ್ಕಾಗಲಿ ನಿಮಿಷಕ್ಕೆ 30ರ ಒಳಗಿರಬೇಕು. ದಿನಾ ಅದಕ್ಕಿಂತ ಹೆಚ್ಚಿದ್ದರೆ ತಿಳಿಸಿ.

ನಾನೇನು ದೊಡ್ಡ ಜಾಣ ಅಲ್ಲ. ಮೋಡ ಗುಡುಗಿದರೆ ಸಾಕು, ನಮ್ಮ ಮನೆಯ ನಾಯಿ ಮಂಚದ ಕೆಳಗೆ ಸೇರುತ್ತಿತ್ತು. ಒಂದು ಮಳೆಗಾಲದಲ್ಲಿ ಕದಲದೆ ಮಲಗಿತ್ತು. ಮುದುಕನಾದ ಮೇಲೆ ಧೈರ್ಯ ಬಂದಿದೆ ನೋಡಿ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಂದು ದಿನ ನನ್ನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಅದರ ಬೆನ್ನ ಹಿಂದೆಯೇ ಬಿತ್ತು. ಅದರ ಕಿವಿ ಕೂಡ ಅಲುಗಲಿಲ್ಲ. ಈಗ ಅದನ್ನು ಎಬ್ಬಿಸಬೇಕಾದರೆ ಕೂಗುವುದಿಲ್ಲ, ಹತ್ತಿರ ಹೋಗಿ ನೆಲವನ್ನು ಎರಡು ಸಲ ತಟ್ಟುತ್ತೇನೆ.