ಹಂಡೆ ನೀರಿಗೆ ಸಡಿಲಾದ ಪಿಸ್ಟನ್

ಸುಂಟಿಕೊಪ್ಪದ ಹತ್ತಿರ ಚಿಕ್ಕಪ್ಪನ ಕಾಫಿ ತೋಟದಲ್ಲಿ ಹಳೇ ಮ್ಯಾಸಿ ಫರ್ಗೂಸನ್ ಟ್ರ್ಯಾಕ್ಟರ್ ಇದೆ. ಮೂರು ಸಿಲಿಂಡರಿನ ಡೀಸೆಲ್ ಎಂಜಿನ್. ನಾಲ್ಕು ಮಳೆಗಾಲ ಬಯಲಲ್ಲೇ ನಿಂತು ಸೀಜ್ ಆಗಿತ್ತು, ಅಂದರೆ ತಿರುಗದ ಹಾಗೆ ಕಚ್ಚಿಕೊಂಡಿತ್ತು. ಸೈಲೆನ್ಸರ್ ಬಾಯಿಗೆ ಒಂದು ಡಬ್ಬ ಕವುಚಿದ್ದರೂ ಸಾಕಿತ್ತು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಅಲ್ವಾ?

ಮೂರು ಸಿಲಿಂಡರಿನ ಎಂಜಿನ್ ಹೇಗೇ ನಿಂತಿರಲಿ, ಹೆಚ್ಚು ಕಮ್ಮಿ ಯಾವಾಗಲೂ ಒಂದರ ಹೊಗೆ ವಾಲ್ವ್ ತೆರೆದಿರುತ್ತದೆ. ಮಳೆ ನೀರು ಇಳಿಯೋದು ಅಲ್ಲೇ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿದಾಗ ಎರಡು ಸಿಲಿಂಡರ್ ಜಿಡ್ಡು ಹಿಡಿದು ಕಪ್ಪಗಿದ್ದವು. ಮೂರನೆಯದರಲ್ಲಿ ಕೆಂಪು ರಾಡಿ. ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಒಳಗೆ ಸುತ್ತಲೂ ನೀರು ನಿಂತ ಗೆರೆ.

ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಪಿಸ್ಟನ್ನಿಗೆ ತೊಡಿಸಿದ ರಿಂಗಿಗೂ ಲೈನರಿಗೂ ನಡುವೆ ಅಷ್ಟು ಜಾಗ ಎಲ್ಲಿದೆ? ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಗೇರ್ ಹಾಕಿ ಜೀಪಿನಲ್ಲಿ ಎಳೆಯೋಣ ಅಂದರು ಕೆಲವರು. ಬೇಡವೇ ಬೇಡ ಅಂದೆ. ಹಾಗೆ ಎಳೆದರೆ ರಿಂಗ್ ಮುರಿಯುತ್ತದೆ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪವರ್ ಸ್ಟೀರಿಂಗಿಗೆ ಹಾಕುವ ತೆಳು ಎಣ್ಣೆಗೆ ಅಷ್ಟೇ ಅಸಿಟೋನ್ ಸೇರಿಸಿ, ಚೆನ್ನಾಗಿ ಕುಲುಕಿ ಸುರಿದೆವು. ಬೆಂಕಿ ಹತ್ತಿರ ಮಾತ್ರ ಇದನ್ನು ತರಬಾರದು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಸಂದು ಅದನ್ನು ಒಳಗೆಳೆಯುತ್ತದೆ. ಸಂದು ಕಿರಿದಾದಷ್ಟೂ ಎಳೆತ ಜೋರು, ಹರಿಯೋದು ಮಾತ್ರ ನಿಧಾನ. ಹನ್ನೆರಡು ದಿನ ಕಾದೆವು.

ಹದಿಮೂರನೇ ದಿನ ಬಚ್ಚಲು ಹಂಡೆಯ ನೀರು ತಂದೆವು. ಬ್ಲಾಕಿನ ನೀರಿನ ದಾರಿಗೆ ಪೈಪಿಟ್ಟು, ಸಿಲಿಂಡರಿಗೆ ಹನಿಯೂ ಬೀಳದ ಹಾಗೆ ಮೊದಲು ಉಗುರುಬೆಚ್ಚಗಿನದು, ಆಮೇಲೆ ಬಿಸಿಯದು ಬಿಟ್ಟೆವು. ಒಮ್ಮೆಲೇ ಕುದಿನೀರು ಹುಯ್ದರೆ ಎರಕದ ಕಬ್ಬಿಣ ಸೀಳಬಹುದು. ಈ ಎಂಜಿನ್ನಿನ ಸಿಲಿಂಡರ್ ಸುಮಾರು 91 ಮಿಲಿಮೀಟರ್ ಅಗಲ. 60 ಡಿಗ್ರಿ ಬಿಸಿ ಏರಿದರೆ ಅದು 0.06 ಮಿಲಿಮೀಟರ್ ಹಿಗ್ಗುತ್ತದೆ. ಒಂದು ತಲೆಗೂದಲಿನಷ್ಟು! ಆದರೆ ಅಲ್ಯುಮಿನಿಯಂ ಪಿಸ್ಟನ್ ಅದರ ಎರಡರಷ್ಟು ಹಿಗ್ಗುವ ಲೋಹ. ಪಿಸ್ಟನ್ನಿಗೆ ಬಿಸಿ ತಾಗುವ ಮೊದಲೇ ಕೆಲಸ ಮುಗಿಸಬೇಕು. ಪಿಸ್ಟನ್ ಮೇಲೆ ಸಿಲ್ವರ್ ಓಕ್ ತುಂಡಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ಆರನೇ ಏಟಿಗೆ 'ಟಕ್' ಅಂತು. ಚಿಕ್ಕಪ್ಪ ಎಂಜಿನ್ ಜೊತೆ ತಿರುಗುವ ಹಲ್ಲಿನ ಚಕ್ರ, ಫ್ಲೈವೀಲ್ ಹತ್ತಿರ ಕೂತಿದ್ದರು. "ಒಂದು ಹಲ್ಲು ಸರೀತು ಮಗಾ!" ಅಂತ ಕೂಗಿದರು. ಆಮೇಲೆ ಹಿಂದೆ ಒಂದು ಹಲ್ಲು, ಮುಂದೆ ಎರಡು. ಸಂಜೆಗೆ ಪೂರ್ತಿ ಸುತ್ತು ಬಂತು.

ಲೈನರಿನ ಆ ನೀರಿನ ಗೆರೆಯಲ್ಲಿ ತುಕ್ಕು ತಿಂದ ಗುಳಿಗಳಿಗೆ ಈಗಲೂ ಉಗುರು ಸಿಕ್ಕುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ, ಗಾಳಿಯನ್ನು ಒತ್ತಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಆ ಗುಳಿಗಳಲ್ಲಿ ಗಾಳಿ ಸೋರಿದರೆ ಸರಿಯಾಗಿ ಹೊತ್ತೋದಿಲ್ಲ. ಹೊಸ ಲೈನರಿಗೆ ಮೈಸೂರಿಗೆ ಹೇಳಿ ಕಳಿಸಿದ್ದೇವೆ.