ದಿವಾಲಿ ರಿಡಿಮ್: ಅದೇ ಚಪ್ಪಾಳೆ, ಬೇರೆ ಬೇರೆ ದನಿ

ಜಮೈಕಾದ ಕುಣಿತದ ಸಂಗೀತವಾದ ಡಾನ್ಸ್‌ಹಾಲ್ ಕಲಿಯೋಕೆ ಹೊರಟವರು ಹಾಡುಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಅರ್ಧ ವಿಷಯ ಕೈತಪ್ಪುತ್ತದೆ. ಅಲ್ಲಿ ಮೊದಲು ಸಿದ್ಧವಾಗುವುದು ರಿಡಿಮ್. ಅಂದರೆ ಡ್ರಮ್, ಬೇಸ್, ಕೀಬೋರ್ಡ್ ಸೇರಿದ, ಮಾತಿಲ್ಲದ ಟ್ರ್ಯಾಕ್. ನಿರ್ಮಾಪಕ ಅದನ್ನು ಹಲವು ಕಲಾವಿದರಿಗೆ ಕೊಡುತ್ತಾನೆ. ಒಬ್ಬೊಬ್ಬರೂ ಅದರ ಮೇಲೆ ತಮ್ಮದೇ ಮಾತು, ತಮ್ಮದೇ ಧಾಟಿ ಕೂರಿಸುತ್ತಾರೆ. ಇದೇ ವಾಯ್ಸಿಂಗ್. ಒಂದು ಟ್ರ್ಯಾಕ್‌ಗೆ ಹತ್ತಾರು ಹಾಡು ಬರುವುದು ಅಲ್ಲಿ ಮಾಮೂಲು, ಕದ್ದರು ಅಂತ ಯಾರೂ ಹೇಳುವುದಿಲ್ಲ.

ಇನ್ನೊಂದು ಗೊಂದಲ ಈಗಲೇ ಬಗೆಹರಿಯಲಿ. ಅಲ್ಲಿ ಡೀಜೆ ಅಂದರೆ ಮೈಕ್ ಹಿಡಿದು ತಾಳಕ್ಕೆ ಮಾತು ಹೊಸೆಯುವವನು. ರೆಕಾರ್ಡ್ ಹಾಕುವವನು ಸೆಲೆಕ್ಟರ್.

ಉದಾಹರಣೆಗೆ 'ದಿವಾಲಿ' ರಿಡಿಮ್ ತಗೊಳ್ಳೋಣ. ಮಾಡಿದವರು ಸ್ಟೀವನ್ 'ಲೆಂಕಿ' ಮಾರ್ಸ್‌ಡೆನ್. ಈ ಒಂದೇ ರಿಡಿಮ್‌ನ ಹಾಡುಗಳನ್ನು ಸೇರಿಸಿ ಗ್ರೀನ್‌ಸ್ಲೀವ್ಸ್ ಕಂಪನಿ 2002ರಲ್ಲಿ ಆಲ್ಬಂ ತಂದಿತು. ಹೌದು, ಹೆಸರು ನಮ್ಮ ದೀಪಾವಳಿಯದೇ. 1845ರಿಂದ ಕರಾರು ಕೂಲಿಗಳಾಗಿ ತೋಟಗಳಿಗೆ ಹೋದ ಭಾರತೀಯರ ಜೊತೆ ಹಬ್ಬವೂ ಜಮೈಕಾ ಸೇರಿತ್ತು.

ಈ ರಿಡಿಮ್‌ನ ಜೀವ ಇರುವುದು ಚಪ್ಪಾಳೆಯಲ್ಲಿ. ನಿಮಿಷಕ್ಕೆ ಸುಮಾರು 100 ಬಡಿತದ ನಡೆ. ಕಾಲಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ತಟ್ಟುತ್ತಾ, ಕೈಯಲ್ಲಿ ಟ್ರ್ಯಾಕ್‌ನ ಚಪ್ಪಾಳೆ ಹೊಡೆದು ನೋಡಿ. ಕೈ ಕಾಲು ಜೊತೆಗೂಡುವುದಿಲ್ಲ, ಅಲ್ವಾ? ಎಣಿಕೆಗಳ ನಡುವೆ ಬೀಳುವ ಆ ಚಪ್ಪಾಳೆಗಳೇ ಮೈಯನ್ನು ಕುಣಿಸುತ್ತವೆ. ಉಳಿದ ವಾದ್ಯಗಳ ಸದ್ದು ಕಡಿಮೆ. ಹಾಗಾಗಿ ದನಿಗೆ ಜಾಗ ಜಾಸ್ತಿ.

ಆ ಜಾಗವನ್ನು ಡೀಜೆ ಶಾನ್ ಪಾಲ್ 'ಗೆಟ್ ಬಿಜಿ' ಹಾಡಿನಲ್ಲಿ ಕೆಲವೇ ಸ್ವರಗಳಲ್ಲಿ ತುಂಬುತ್ತಾರೆ. ಹುಡುಗಿಯರ ಹೆಸರು ಒಂದೊಂದಾಗಿ ಕೂಗುತ್ತಾ, ಪ್ರತಿ ಅಕ್ಷರವನ್ನೂ ಡ್ರಮ್ಮಿನ ಪೆಟ್ಟಿನ ಹಾಗೆ ಬಳಸುತ್ತಾರೆ. 2003ರ ಮೇನಲ್ಲಿ ಇದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಏರಿತು. ವೇಯ್ನ್ ವಂಡರ್ ಡೀಜೆ ಅಲ್ಲ, ಹಾಡುಗಾರ. 'ನೋ ಲೆಟಿಂಗ್ ಗೋ'ದಲ್ಲಿ ಪ್ರೀತಿಯ ಸಾಲುಗಳನ್ನು ಉದ್ದಕ್ಕೆ ಎಳೆಯುತ್ತಾರೆ. ಅದೇ ಚಪ್ಪಾಳೆ ಇಲ್ಲಿ ಎಷ್ಟು ಮೆತ್ತಗೆ ಕೇಳುತ್ತದೆ! ಈ ಹಾಡು ಅದೇ ಪಟ್ಟಿಯಲ್ಲಿ 11ನೇ ಸ್ಥಾನ ಮುಟ್ಟಿತು.

ನನ್ನ ಪ್ರಕಾರ ಜಾಸ್ತಿ ಕಲಿಸುವುದು ಬೌಂಟಿ ಕಿಲ್ಲರ್ ಅವರ 'ಸಫರರ್'. ಕುಣಿತದ ಟ್ರ್ಯಾಕ್ ಮೇಲೆ ಗಡಸು ಗಂಟಲಲ್ಲಿ ಬಡವರ ಪಾಡು ಹೇಳುತ್ತಾರೆ. ಮಾತು ಭಾರ, ತಾಳ ಹಗುರ. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ರಿಡಿಮ್‌ಗೆ ತನ್ನದೇ ವಿಷಯ ಅಂತಿಲ್ಲ, ದನಿ ತಂದದ್ದೇ ವಿಷಯ ಅನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ನ್ಯೂಯಾರ್ಕ್‌ನ ಲುಮಿಡಿಯೂ ಇದೇ ರಿಡಿಮ್ ಮೇಲೆ 'ನೆವರ್ ಲೀವ್ ಯು' ಹಾಡಿದರು. ಪಳಗದ, ತೆಳು ದನಿ. ಆ ಚಪ್ಪಾಳೆಗೆ ಅದೂ ಒಪ್ಪಿತು. ಅದೇ 2003ರಲ್ಲಿ ಹಾಡು 3ನೇ ಸ್ಥಾನಕ್ಕೆ ಬಂತು.

ಈ ನಾಲ್ಕನ್ನೂ ಬಿಡುವಿಲ್ಲದೆ ಒಂದರ ಹಿಂದೆ ಒಂದು ಕೇಳಿ. ಸೆಲೆಕ್ಟರ್‌ಗಳು ಹೀಗೇ ಜೋಡಿಸಿ ಹಾಕುತ್ತಾರೆ, ಅದಕ್ಕೆ ಜಗ್ಲಿಂಗ್ ಅನ್ನುತ್ತಾರೆ. ಮೊದಲ ಸಲ ಚಪ್ಪಾಳೆ ಮಾತ್ರ ಗಮನಿಸಿ. ಎರಡನೇ ಸಲ, ಪ್ರತಿಯೊಬ್ಬರೂ ಉಸಿರು ಎಲ್ಲಿ ತಗೊಳ್ಳುತ್ತಾರೆ ಅಂತ ಗುರುತು ಹಾಕಿಕೊಳ್ಳಿ.